ಗೋಲ್ಡ್ ಭಾವನ ಲಕ್ಷ ಮೈಲಿ

ಹಲ್ಲುಜ್ಜುವ ಬ್ರಷ್ ಇನ್ನೂ ಬಾಯಲ್ಲಿರುವಾಗಲೇ ಗೋಲ್ಡ್ ಭಾವನ ಫೋನಿಗೆ ವಿಮಾನ ಕಂಪನಿಯ ಮೇಲ್ ಬಂತು. ‘ನಮ್ಮ ಪ್ರೀತಿಯ ಗೋಲ್ಡ್ ಸದಸ್ಯರೇ, ನಿಮಗೊಂದು ಸಂತೋಷದ ಸುದ್ದಿ’ ಎಂದು ಶುರುವಾಗಿತ್ತು. ಸಂತೋಷ ಎಲ್ಲಿದೆ ಎಂದು ಹುಡುಕುತ್ತಾ ಕೆಳಗಿಳಿದರೆ ಏಳನೆಯ ಸಾಲಿನಲ್ಲಿ ಸಿಡಿಲು ಕಾದಿತ್ತು. ಇದುವರೆಗೆ, ಹಾರಿದಷ್ಟೂ ಖಾತೆಗೆ ಜಮೆಯಾಗುವ ಮೈಲಿಗಳಲ್ಲಿ ಒಂದು ಲಕ್ಷ ಕೊಟ್ಟರೆ ಸಮುದ್ರದಾಚೆಯ ದ್ವೀಪಕ್ಕೆ ಎರಡು ಟಿಕೆಟ್ ಪುಕ್ಕಟೆ ಸಿಗುತ್ತಿತ್ತು. ನಾಳೆಯಿಂದ ಅದಕ್ಕೆ ಎರಡೂವರೆ ಲಕ್ಷ ಮೈಲಿ.

ಭಾವ ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟ.

ಭಾವ ತೂಕದ ಯಂತ್ರಗಳ ಇಂಜಿನಿಯರ್. ಊರೂರಿನ ಗೋದಾಮು, ಗಿರಣಿ, ಲಾರಿ ತೂಗುವ ವೇಬ್ರಿಡ್ಜುಗಳಿಗೆ ಹಾರಿಹೋಗಿ, ಯಂತ್ರ ಸರಿಯಾಗಿ ತೂಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಸೀಲು ಹಾಕಿ ಬರುವ ಕೆಲಸ. ಹಾರಿ ಹಾರಿ ಗೋಲ್ಡ್ ಕಾರ್ಡು ಬಂದಾಗ ನಾದಿನಿ ತಮಾಷೆಗೆ ‘ಗೋಲ್ಡ್ ಭಾವ’ ಎಂದಳು. ಈಗ ಇಡೀ ಕಟ್ಟಡವೇ, ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸೇರಿ, ಹಾಗೇ ಕರೆಯುತ್ತಿತ್ತು.

ಆದರೆ ಹೆಂಡತಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ. “ಲಕ್ಷ ಆಗ್ಲಿ, ಇಬ್ರೂ ಹೋಗೋಣ. ಕಿಟಕಿ ಪಕ್ಕದ ಸೀಟು ನಿಂದೇ” ಎಂದು ಭಾವ ಹನ್ನೆರಡು ವರ್ಷದಿಂದ ಮಾತು ಕೊಡುತ್ತಲೇ ಬಂದಿದ್ದ. ಖಾತೆಯಲ್ಲಿ ಈಗ ತೊಂಬತ್ತೆಂಟು ಸಾವಿರದ ಏಳುನೂರು ಮೈಲಿ ಇತ್ತು. ಇನ್ನು ಸಾವಿರದ ಮುನ್ನೂರು ಮಾತ್ರ ಬಾಕಿ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತಲ್ಲ ಎಂದು ಭಾವನ ಕಣ್ಣಲ್ಲಿ ನೀರೇ ಬಂತು.

“ಏನ್ರೀ ಆಯ್ತು? ಕಣ್ಣು ಯಾಕೆ ಕೆಂಪಗಿದೆ?” ಹೆಂಡತಿ ಬಚ್ಚಲ ಬಾಗಿಲಿಗೆ ಬಂದಳು.

“ಪೇಸ್ಟು ಖಾರ” ಎಂದ ಭಾವ. ಅಷ್ಟರಲ್ಲಿ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಪಕ್ಕದ ರಾಜ್ಯದ ರಾಜಧಾನಿಗೆ ಹೋಗಲು ಏಳುನೂರು, ಬರಲು ಏಳುನೂರು. ಇವತ್ತೇ ಹೋಗಿ ಇವತ್ತೇ ಬಂದರೆ ಲಕ್ಷ ದಾಟುತ್ತದೆ. ರಾತ್ರಿ ಊಟದ ಹೊತ್ತಿಗೆ ಎರಡು ಟಿಕೆಟ್ ತೆಗೆದು ಅವಳ ತಟ್ಟೆಯ ಪಕ್ಕ ಇಡಬೇಕು. ಅಲ್ಲಿಯವರೆಗೆ ಒಂದು ಮಾತೂ ಬಾಯಿಬಿಡಬಾರದು.

ಆಫೀಸಿಗೆ ಫೋನು ಮಾಡಿ, ಎರಡು ಸಲ ಕೆಮ್ಮಿ, ಜ್ವರ ಎಂದ. ಹೆಂಡತಿಗೆ ವೇಬ್ರಿಡ್ಜ್ ಕೆಲಸ ಎಂದ. ನಂಬಿಕೆ ಬರಲೆಂದು ದಿನದ ಚೀಲವನ್ನೇ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಮೇಲ್ಮನೆಯ ನಿವೃತ್ತ ವಿಮೆ ಅಧಿಕಾರಿ ಎದುರಾದರು. ನೌಕರಿಯಲ್ಲಿದ್ದಾಗ ಅವರೂ ಸಾಕಷ್ಟು ಹಾರಾಡಿದವರೇ. ಜನರನ್ನು ಹೆದರಿಸುವುದು ಅವರಿಗೆ ಮೂವತ್ತು ವರ್ಷದ ಅಭ್ಯಾಸ.

“ಗೋಲ್ಡ್ ಭಾವನೋರೇ, ಮೇಲ್ ನೋಡಿದ್ರಾ? ನಾಳೆಯಿಂದ ನಮ್ಮ ಮೈಲಿ ಕಸಕ್ಕೂ ಸಮ ಅಲ್ಲ! ಊರೊಳಗಿನ ಅವರ ಆಫೀಸಲ್ಲಿ ಮೈಲಿಗೆ ಸಾಮಾನು ಕೊಡ್ತಾರೆ. ಇವತ್ತೇ ಹೋಗಿ ಸಿಕ್ಕಿದ್ದು ತಗೊಂಡ್ಬಿಡಿ!”

“ನಂಗೆ ಸಾಮಾನು ಬೇಡ ಸಾರ್. ಅರ್ಜೆಂಟ್ ಕೆಲಸ ಇದೆ.”

“ಅಯ್ಯೋ, ನಿಮಗೆ ವಿಷಯದ ಗಂಭೀರತೆ ಅರ್ಥ ಆಗ್ತಿಲ್ಲ!” ಎಂದು ಅವರು ಕೂಗುತ್ತಿರುವಾಗಲೇ ಭಾವ ಗೇಟು ದಾಟಿದ್ದ.

ವಿಮಾನ ನಿಲ್ದಾಣಕ್ಕೆ ಕಾಲಿಟ್ಟವನು ದಂಗಾಗಿ ನಿಂತ. ಗೋಲ್ಡ್ ಸದಸ್ಯರಿಗೆಂದು ಕೆಂಪು ಜಮಖಾನೆ ಹಾಸಿದ ಸಾಲು ಬಾಗಿಲು ದಾಟಿ ಕಾರು ನಿಲ್ಲಿಸುವ ಜಾಗದವರೆಗೆ ಬೆಳೆದಿತ್ತು. ಪಕ್ಕದ ಸಾಮಾನ್ಯ ಸಾಲಿನಲ್ಲಿ ಒಬ್ಬ ಅಜ್ಜಿ ಮಾತ್ರ ಇದ್ದರು. ಆದರೂ ಗೋಲ್ಡಿನವರು ಒಬ್ಬರೂ ಜಮಖಾನೆ ಬಿಟ್ಟು ಕೆಳಗಿಳಿಯಲಿಲ್ಲ. ಭಾವನೂ ಇಳಿಯಲಿಲ್ಲ. ಮರ್ಯಾದೆ ಪ್ರಶ್ನೆ.

“ತಾವು ಯಾವ ಕೆಲಸಕ್ಕೆ ಹೊರಟಿದ್ದು?” ಎಂದು ಮುಂದಿದ್ದವರನ್ನು ಕೇಳಿದ.

“ಕೆಲಸ ಎಂಥದ್ದು ಸ್ವಾಮಿ, ಹೋಗಿ ಬರೋದೇ ಕೆಲಸ” ಎಂದರು ಅವರು. “ನಂಗೆ ಒಂಬೈನೂರು ಕಮ್ಮಿ ಇದೆ. ನಿಮಗೆಷ್ಟು?”

ತಪಾಸಣೆಯಲ್ಲಿ ಚೀಲ ಸಿಕ್ಕಿಬಿತ್ತು. ನಾಟಕಕ್ಕೆಂದು ತಂದ ಚೀಲದಲ್ಲಿ ಐದೈದು ಕೆಜಿಯ ಎರಡು ಹಿತ್ತಾಳೆ ತೂಕದ ಬಟ್ಟುಗಳು ಹಾಗೇ ಇದ್ದವು. “ಇದರಿಂದ ಯಾರ ತಲೆ ಒಡೆಯೋಕೆ ಹೊರಟಿದ್ದೀರಿ?” ಎಂದಳು ಕಾವಲಿನವಳು. ಕೌಂಟರಿಗೆ ವಾಪಸ್ ಓಡಿ ಚೀಲವನ್ನು ಸಾಮಾನಿಗೆ ಹಾಕಬೇಕಾಯಿತು. ಅಲ್ಲಿನ ತೂಕದ ಯಂತ್ರ ಹತ್ತು ಕೆಜಿ ಮುನ್ನೂರು ಗ್ರಾಂ ಎಂದಿತು. ಅಂಥ ಗಡಿಬಿಡಿಯಲ್ಲೂ ಭಾವನಿಗೆ ಸುಮ್ಮನಿರಲಾಗಲಿಲ್ಲ.

“ನಿಮ್ಮ ಮೆಷಿನ್ನು ಇನ್ನೂರು ಗ್ರಾಂ ಜಾಸ್ತಿ ತೋರಿಸ್ತಿದೆ. ಬಟ್ಟು ಹತ್ತು ಕೆಜಿ, ಚೀಲ ನೂರು ಗ್ರಾಂ. ನನ್ನ ಕೈಯಂದಾಜು ತಪ್ಪೋದೇ ಇಲ್ಲ.”

“ವಿಮಾನ ತಪ್ಪುತ್ತೆ, ಓಡಿ ಸಾರ್” ಎಂದಳು ಕೌಂಟರಿನವಳು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಎತ್ತಿದರೆ ಹಿಂದಿನಿಂದ ‘ಪ್ರಯಾಣಿಕರ ಗಮನಕ್ಕೆ’ ಎನ್ನುವ ಹೆಣ್ಣುಧ್ವನಿ ಕೇಳಿ ಗುಟ್ಟು ರಟ್ಟಾಗುತ್ತದೆ. ಎತ್ತಲಿಲ್ಲ. ಮತ್ತೆ ಬಂತು. ಮೂರನೆಯ ಸಲ ಬಂದಾಗ ಓಡುತ್ತಲೇ ಒಂದು ಸಂದೇಶ ಬಡಿದ: ‘ವೇಬ್ರಿಡ್ಜ್ ಕೆಳಗೆ ಮಲಗಿದ್ದೀನಿ. ಏನಿದ್ರೂ ನಿಂಗೆ ಸರಿ ಅನ್ಸಿದ್ದು ಮಾಡು. ನನ್ನ ಕೇಳಬೇಡ.’ ಕಳಿಸಿ, ಫೋನು ಆರಿಸಿ, ಜಾಣತನಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸಿಕ್ಕಿದ್ದು ಕೊನೆಯ ಸಾಲಿನ ನಡುವಿನ ಸೀಟು. ಪಕ್ಕದವರು ಮುಖದ ಮೇಲೆ ಪೇಪರು ಹರಡಿಕೊಂಡಿದ್ದರು. ವಿಮಾನ ಮೇಲೇರುವಾಗ ಪೇಪರು ಜಾರಿತು. ಅವನ ಆಫೀಸಿನ ಸಾಹೇಬರು!

ಸಾಹೇಬರು ಜಾರಿದ ಪೇಪರನ್ನು ಹಿಡಿದುಕೊಂಡರು.

“ಜ್ವರ ಹೇಗಿದೆ?” ಎಂದರು ಸಾಹೇಬರು.

“ಮೇಲೇರ್ತಾ ಇದೆ ಸಾರ್.”

“ನಾನೀಗ ಮೀಟಿಂಗ್‌ನಲ್ಲಿದ್ದೀನಿ.”

“ಹೌದು ಸಾರ್, ಕಾಣಿಸ್ತಾ ಇದೆ.”

ಸಾಹೇಬರು ಪೇಪರನ್ನು ಮತ್ತೆ ಮುಖದ ಮೇಲೆಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದರಡಿಯಿಂದ ಮೆಲ್ಲಗೆ ಕೇಳಿದರು, “ನಿಮಗೆಷ್ಟು ಕಮ್ಮಿ ಇತ್ತು?”

ರಾಜಧಾನಿಯಲ್ಲಿ ಇಳಿದ ನೂರೆಂಬತ್ತು ಜನರಲ್ಲಿ ಹೊರಗೆ ಹೋದವರು ಅಜ್ಜಿಯೊಬ್ಬರೇ. ಉಳಿದವರೆಲ್ಲ ಸಾಮಾನು ಬರುವ ಬೆಲ್ಟಿಗೆ ಒಂದು ಸುತ್ತು ಹಾಕಿ, ಮಾತಾಡದೆ ಮತ್ತೆ ಹತ್ತುವ ಸಾಲಿಗೆ ಬಂದು ನಿಂತರು. ಭಾವ ಹಿತ್ತಾಳೆ ಬಟ್ಟುಗಳನ್ನು ಇಳಿಸಿಕೊಂಡು, ಮತ್ತೆ ಹತ್ತಿಸಿ, ಬೆವರೊರೆಸುತ್ತಾ ಅದೇ ವಿಮಾನದ ಅದೇ ಸೀಟಿಗೆ ಬಂದ. ಗಗನಸಖಿ ಬೆಳಗಿನ ಮುಖಗಳನ್ನೇ ಮತ್ತೆ ನೋಡಿ, ನಾವು ಇನ್ನೂ ಹೊರಟೇ ಇಲ್ಲವೇನೋ ಎಂದು ಗಾಬರಿಯಾದಳು.

ಸಂಜೆ ಏಳಕ್ಕೆ ಭಾವ ಮನೆಯ ಮೆಟ್ಟಿಲು ಹತ್ತುವಾಗ ಸೊಂಟ ಬಿದ್ದುಹೋಗಿತ್ತು, ಮನಸ್ಸು ಮಾತ್ರ ಇನ್ನೂ ಆಕಾಶದಲ್ಲೇ ಇತ್ತು. ಲಕ್ಷದ ಮೇಲೆ ನೂರು ಮೈಲಿ! ಈಗ ಖಾತೆ ತೆರೆದು ಟಿಕೆಟ್ ತೆಗೆಯುವುದೊಂದೇ ಬಾಕಿ. ಅದಕ್ಕೆ ಬೇಕಾದ ಓಟಿಪಿ ಹೆಂಡತಿಯ ಫೋನಿಗೆ ಬರುತ್ತಿತ್ತು. ಭಾವನ ಫೋನುಗಳು ವರ್ಷಕ್ಕೆರಡರಂತೆ ವೇಬ್ರಿಡ್ಜಿನ ಗುಂಡಿಗೆ ಬಿದ್ದು ಸಾಯುತ್ತಿದ್ದುದರಿಂದ ಖಾತೆಗೆ ಅವಳ ನಂಬರನ್ನೇ ಕೊಟ್ಟಿದ್ದ.

ಬಾಗಿಲು ತೆರೆದಳು. ಮುಖ ಅರಳಿತ್ತು.

“ಒಂದು ಓಟಿಪಿ ಬರುತ್ತೆ, ಹೇಳು. ಯಾಕೇಂತ ಆಮೇಲೆ ಹೇಳ್ತೀನಿ” ಎಂದ ಭಾವ.

“ಮೈಲಿ ಖಾತೆದಾ? ಅದೆಲ್ಲ ಮುಗೀತು ರೀ. ನೀವೇನೂ ತಲೆ ಕೆಡಿಸ್ಕೋಬೇಡಿ.”

“ಮುಗೀತು ಅಂದ್ರೆ?”

“ಮೇಲ್ಮನೆಯವರು ಬಂದು, ನಾಳೆ ಎಲ್ಲ ಹಾಳಾಗುತ್ತೆ, ಹನ್ನೆರಡು ವರ್ಷದ ದುಡಿಮೆ ಮಣ್ಣು ಪಾಲಾಗುತ್ತೆ ಅಂತ ಬಡ್ಕೊಂಡ್ರು. ನನ್ನ ಜೀವವೇ ಹೋದ ಹಾಗಾಯ್ತು. ನಿಮಗೆ ಮೂರು ಸಲ ಫೋನ್ ಮಾಡಿದೆ. ಸರಿ ಅನ್ಸಿದ್ದು ಮಾಡು ಅಂತ ನೀವೇ ಬರೆದ್ರಲ್ಲ! ಅವರ ಕಾರಲ್ಲೇ ಹೋದೆ. ಅಬ್ಬಬ್ಬಾ, ಏನು ನೂಕುನುಗ್ಗಲು! ನಾನು ಹೋಗುವಷ್ಟರಲ್ಲಿ ಎಲ್ಲ ಖಾಲಿಯಾಗಿ ಇದೊಂದೇ ಉಳಿದಿತ್ತು.”

ಅವಳು ಪಕ್ಕಕ್ಕೆ ಸರಿದಳು. ನಡುಮನೆಯಲ್ಲಿ, ಗೋಡೆಗೆ ಒರಗಿ, ಚಕ್ರವಿರುವ ಆರು ನೀಲಿ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು.

ಭಾವ ಗೋಡೆ ಹಿಡಿದು ಕೂತ.

“ಒಂದಕ್ಕೆ ಹದಿನಾಲ್ಕು ಸಾವಿರ ಮೈಲಿ. ಏಳು ಬಂತು” ಎಂದಳು ಹೆಂಡತಿ.

“ಇಲ್ಲಿ ಆರೇ ಇದೆಯಲ್ಲ?” ಅಷ್ಟು ಕೇಳುವ ತ್ರಾಣ ಹೇಗೋ ಬಂತು.

“ದೊಡ್ಡದನ್ನ ಮೇಲ್ಮನೆಯವರಿಗೆ ಕೊಟ್ಟೆ. ಪಾಪ, ಅಷ್ಟು ಓಡಾಡಿದ್ರಲ್ಲ. ಅವರು ಬೆಳಿಗ್ಗೇನೇ ತಮ್ಮ ಮೈಲಿಗೆ ಆ ದ್ವೀಪಕ್ಕೆ ಎರಡು ಟಿಕೆಟ್ ತೆಗೆದ್ಬಿಟ್ಟಿದ್ರಂತೆ. ಮನೆಯಲ್ಲಿ ಒಳ್ಳೇ ಪೆಟ್ಟಿಗೇನೇ ಇರಲಿಲ್ಲವಂತೆ.”

ಮೇಲ್ಮನೆಯ ನೆಲದ ಮೇಲೆ ಚಕ್ರ ಉರುಳುವ ಸದ್ದು ಕೇಳಿಸಿತು. ಗಂಡ ಹೆಂಡತಿ ಇಬ್ಬರೂ ಒಂದು ಕ್ಷಣ ತಲೆಯೆತ್ತಿ ನೋಡಿದರು.

ಅಷ್ಟರಲ್ಲಿ ಅವಳ ಫೋನು ಟಿಣ್ ಎಂದಿತು. ಓದಿದಳು: “ಇವತ್ತಿನ ಪ್ರಯಾಣಕ್ಕೆ ಸಾವಿರದ ನಾನೂರು ಮೈಲಿ ಸೇರಿದೆ, ಈಗ ಒಟ್ಟು ಎರಡು ಸಾವಿರದ ನೂರು ಅಂತೆ. ಇದಕ್ಕೆ ಸೂಟ್‌ಕೇಸಿಗೆ ಕಟ್ಟೋ ಹೆಸರಿನ ಪಟ್ಟಿ ಒಂದು ಸಿಗುತ್ತಂತೆ.” ಆಮೇಲೆ ನಿಧಾನವಾಗಿ ತಲೆಯೆತ್ತಿದಳು. “ಇವತ್ತಿನ ಪ್ರಯಾಣವಾ? ನೀವು ವೇಬ್ರಿಡ್ಜ್ ಕೆಳಗಿದ್ರಲ್ಲ?”

ಭಾವ ಎಲ್ಲವನ್ನೂ ಹೇಳಿದ. ಜ್ವರ, ಜಮಖಾನೆ, ಸಾಹೇಬರು, ಊಟದ ತಟ್ಟೆಯ ಪಕ್ಕ ಇಡಬೇಕೆಂದಿದ್ದ ಟಿಕೆಟ್ಟು.

“ಅಂದ್ರೆ, ನಾನು ಸುಮ್ನೆ ಮನೇಲಿ ಕೂತಿದ್ದಿದ್ರೆ...” ಎಂದಳು. ಬಂದು ಅವನ ಪಕ್ಕ ನೆಲದ ಮೇಲೆ ಕೂತಳು.

ಭಾವ ಕೈ ಚಾಚಿ, ಹತ್ತಿರದ ಸೂಟ್‌ಕೇಸನ್ನು ಅಭ್ಯಾಸಬಲದಿಂದ ಒಂದು ಗೇಣು ಎತ್ತಿ ಇಳಿಸಿದ.

“ಎಷ್ಟಿದೆ?” ಎಂದಳು.

“ನಾಲ್ಕು ಕೆಜಿ ಇನ್ನೂರು ಗ್ರಾಂ. ಒಳಗೆ ಏನೂ ಇಲ್ಲ” ಎಂದ ಭಾವ. ಅವನ ಕೈಯಂದಾಜು ತಪ್ಪುವುದೇ ಇಲ್ಲ.