ನಾಲ್ಕು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ಎಲ್ಲದಕ್ಕೂ ಕಾರಣ ರನ್ನ ಬೆಳಗಲಿಯ ಒಂದು ಹೊಲದ ಕೆಸರು. ಹೋದ ಮಳೆಗಾಲದಲ್ಲಿ ಬನಹಟ್ಟಿಯ ತುಕಾರಾಮ ತನ್ನ ಹಳೇ ಜೀಪಿನಲ್ಲಿ ಹೆಂಡತಿ ಶೇವಂತಿಯನ್ನು ಕೂರಿಸಿಕೊಂಡು ಮಾವನ ಊರಿಗೆ ಹೋದಾಗ, ಆ ಕೆಸರು ಜೀಪಿನ ಗಾಲಿಗಳನ್ನು ಹಿಡಿದದ್ದು ಬಿಡಲೇ ಇಲ್ಲ. ಕೊನೆಗೆ ಮಾವ ಗೂಳಪ್ಪನವರು ತಮ್ಮ ಎತ್ತುಗಳನ್ನು ಕಟ್ಟಿ ಎಳೆಸಿದರು. ಎಳೆಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಅಳಿಯಂದ್ರ, ಇದಕ್ಕ ಡೀಸೆಲ್ ಯಾಕ ಹಾಕ್ತೀರಿ, ಒಂದು ಸಿವುಡು ಮೇವು ಹಾಕ್ರಿ," ಎಂದರು. ಸುತ್ತ ನಿಂತವರು ನಕ್ಕರು. ಶೇವಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದೂ ತುಕಾರಾಮನ ಕಣ್ಣಿಗೆ ಬಿತ್ತು. ಅಂದಿನಿಂದ ಮಾವನ ಬಾಯಲ್ಲಿ ಒಂದು ಒಳ್ಳೆಯ ಮಾತು ಬರುವ ತನಕ ಅವನಿಗೆ ಉಂಡ ಅನ್ನ ಮೈಗೆ ಹತ್ತದಂತಾಯಿತು.

ಜೀಪಿಗೆ ಬಲ ಬರಬೇಕೆಂದರೆ ದೊಡ್ಡ ಇಂಜಿನ್ ಬೇಕು. ಮೆಕ್ಯಾನಿಕ್ ಅಪ್ಪಾಸಾಬ ಎಲ್ಲಿಯೋ ಪಲ್ಟಿ ಹೊಡೆದಿದ್ದ ಸರಕು ಗಾಡಿಯ ಇಂಜಿನ್ ತಂದು ಕೂರಿಸಿದ. ಜೀಪು ಓಣಿ ನಡುಗುವ ಹಾಗೆ ಗುಡುಗಿತು, ಮತ್ತು ವಾರದೊಳಗೆ ಕ್ಲಚ್ ಸುಟ್ಟುಕೊಂಡಿತು. ಮಗ್ಗಕ್ಕೆ ದೊಡ್ಡ ಮೋಟರು ಕೂರಿಸಿದರೆ ಅದನ್ನು ತಿರುಗಿಸುವ ಪಟ್ಟಾ ಹರಿಯುತ್ತದೆಂಬುದು ಪವರ್‌ಲೂಮ್ ನಡೆಸುವ ತುಕಾರಾಮನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಜೀಪಿನ ವಿಷಯಕ್ಕೆ ಬಂದಾಗ ಅವನ ಬುದ್ಧಿ ಮಗ್ಗದ ಮನೆಯಲ್ಲೇ ಉಳಿದುಬಿಡುತ್ತಿತ್ತು. ದಪ್ಪ ಕ್ಲಚ್ ಹಾಕಿಸಿದ, ಗೇರ್‌ಬಾಕ್ಸಿನ ಹಲ್ಲು ಉದುರಿದವು. ಗಟ್ಟಿ ಗೇರ್‌ಬಾಕ್ಸ್ ಹಾಕಿಸಿದ, ಅದರಿಂದ ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟು ಹಿಂಡಿದ ಅರಿವೆಯಂತೆ ತಿರುಚಿಕೊಂಡಿತು. ಪ್ರತಿ ಸಲವೂ ಎದುರು ಮನೆಯ ಬಸಗೊಂಡಪ್ಪ ಕಟ್ಟೆಯ ಮೇಲೆ ಕೂತು, "ನಾ ಮೊದಲ ಹೇಳಿದ್ನೆಲ್ಲ," ಎನ್ನುತ್ತಿದ್ದ. ಅವನು ಮೊದಲು ಏನನ್ನೂ ಹೇಳಿರುತ್ತಿರಲಿಲ್ಲ.

ಶಾಫ್ಟು ಗಟ್ಟಿಯಾದ ಮೇಲೆ ಮುರಿಯಲು ಉಳಿದದ್ದು ಹಿಂದಿನ ಹೌಸಿಂಗು ಒಂದೇ, ಅಂದರೆ ಎರಡು ಗಾಲಿಗಳ ನಡುವೆ ಹಲ್ಲುಚಕ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುವ ಕಬ್ಬಿಣದ ಗಡಿಗೆ. ಅದೂ ಮುರಿಯಿತು. ಅಪ್ಪಾಸಾಬ ಗುಜರಿಯಲ್ಲಿ ಹುಡುಕಿ ಒಂದು ಸಣ್ಣ ಲಾರಿಯ ಹೌಸಿಂಗು ತಂದು ಜೋಡಿಸಿದ. ಜೋಡಿಸಿ ಮುಗಿಯುವ ಹೊತ್ತಿಗೆ ಬೆಳಗಲಿಯ ಜೀಪು ಸ್ಪರ್ಧೆಯ ಹಿಂದಿನ ರಾತ್ರಿಯಾಗಿತ್ತು. ಕಬ್ಬು ಹೇರಿದ ಟ್ರೇಲರನ್ನು ನೀರು ಹಾಯಿಸಿದ ಹೊಲದಲ್ಲಿ ಎಳೆದುಕೊಂಡು ಹೋಗಿ ದಿಬ್ಬದ ಮೇಲಿನ ಬಾವುಟ ಮುಟ್ಟಬೇಕು. ಹೊಲ ಗೂಳಪ್ಪನವರದು, ತೀರ್ಪು ಹೇಳುವವರೂ ಗೂಳಪ್ಪನವರೇ. ತುಕಾರಾಮನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ?

ಬೆಳಿಗ್ಗೆ ಅವನು ಜೀಪು ಚಾಲು ಮಾಡಿ, ದೇವರಿಗೆ ಕೈ ಮುಗಿದು, ಫಸ್ಟ್ ಗೇರ್ ಹಾಕಿದ. ಜೀಪು ಹಿಂದಕ್ಕೆ ಹೋಯಿತು. ಗೇರು ತಪ್ಪಿತೆಂದು ಸೆಕೆಂಡ್ ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಬಸಗೊಂಡಪ್ಪನ ಕಟ್ಟೆಗೆ ಗುದ್ದಿತು. ಚಹಾ ಕುಡಿಯುತ್ತಿದ್ದ ಬಸಗೊಂಡಪ್ಪ ಎರಡೂ ಕಾಲು ಮೇಲೆತ್ತಿಕೊಂಡು, ಅಂಥ ಹೊತ್ತಿನಲ್ಲಿಯೂ, ತಾನು ಮೊದಲೇ ಹೇಳಿದ್ದಾಗಿ ನೆನಪಿಸಿದ. ತುಕಾರಾಮ ರಿವರ್ಸ್ ಹಾಕಿದ. ಜೀಪು ಕಿರುಚುತ್ತ ಮುಂದಕ್ಕೆ ಬಂತು. ಅವನು ಇಳಿದು ಜೀಪಿನ ಸುತ್ತ ಒಂದು ಸುತ್ತು ಹಾಕಿ, ಮುಂದಿನ ದೀಪಗಳು ಮುಂದೆಯೇ ಇವೆಯಲ್ಲವೇ ಎಂದು ಮುಟ್ಟಿ ನೋಡಿದ.

ಅಪ್ಪಾಸಾಬ ಬಂದು ಜೀಪಿನ ಕೆಳಗೆ ತೂರಿದ. ಬಹಳ ಹೊತ್ತು ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು, ಅವೂ ಅಲ್ಲಾಡುತ್ತಿರಲಿಲ್ಲ. ಹೊರಗೆ ಬಂದವನು ತುಕಾರಾಮನ ಮುಖ ನೋಡದೆ ಕೈ ಒರೆಸಿಕೊಂಡ. ಲಾರಿಯ ಹೌಸಿಂಗಿನಲ್ಲಿ ಶಾಫ್ಟು ಕೂರುವ ಬಾಯಿ ಬಲಕ್ಕಿತ್ತಂತೆ, ಜೀಪಿನ ಶಾಫ್ಟು ಎಡಕ್ಕಿತ್ತಂತೆ. ಎರಡೂ ಕೂಡಲೆಂದು ಅವನು ಹೌಸಿಂಗನ್ನೇ ಬುಡಮೇಲು ಮಾಡಿ ಜೋಡಿಸಿದ್ದ.

"ಬಾಯಿ ಕೂಡಿತ್ರಿ ಸಾವ್ಕಾರ್ರ. ಗಾಲಿ ಉಲ್ಟಾ ಆದುವು. ನಂದ ತಪ್ಪು," ಎಂದ.

ಬಿಚ್ಚಿ ಸರಿ ಮಾಡಲು ಎರಡು ದಿನ ಬೇಕು, ಸ್ಪರ್ಧೆ ಮಧ್ಯಾಹ್ನ. ಅಷ್ಟರಲ್ಲಿ ಬಸಗೊಂಡಪ್ಪ ಕಟ್ಟೆಯಿಂದಿಳಿದು ಬಂದು, ನಾಲ್ಕೂ ಗಾಲಿಗೆ ಬಲ ಕೊಡುವ ಇನ್ನೊಂದು ಗೇರು ಇದೆಯಲ್ಲ, ಅದನ್ನು ಹಾಕಿ ನೋಡಿ ಎಂದ. ಹಾಕಿದರು. ಮುಂದಿನ ಗಾಲಿಗಳು ಜಮಖಂಡಿಯ ಕಡೆಗೆ ಹೊರಟವು, ಹಿಂದಿನವು ಮುಧೋಳದ ಕಡೆಗೆ. ನಡುವೆ ಜೀಪು ನಿಂತಲ್ಲೇ ನಡುಗಿತು. ಅಪ್ಪಾಸಾಬ ಓಡಿ ಬಂದು ಆ ಗೇರಿನ ಹಿಡಿಕೆಗೆ ಹಗ್ಗ ಕಟ್ಟಿ, ಇದನ್ನು ಯಾರೂ ಮುಟ್ಟಕೂಡದು ಎಂದ. ಮುಂದೆ ಹೋಗಲು ರಿವರ್ಸ್, ಹಿಂದೆ ಬರಲು ಉಳಿದ ನಾಲ್ಕರಲ್ಲಿ ಯಾವುದಾದರೂ, ಆದರೆ ರಿವರ್ಸಿನ ಹಲ್ಲು ಮೆತ್ತಗಿರುವುದರಿಂದ ಅದರಲ್ಲಿ ಭಾರ ಎಳೆಯಬಾರದು ಎಂದು ಬುದ್ಧಿ ಹೇಳಿದ. ತುಕಾರಾಮ ಹೂಂ ಎನ್ನುತ್ತಿದ್ದ, ಅರ್ಧವೇ ತಲೆಗೆ ಹೋಗುತ್ತಿತ್ತು. ಹೋಗುವುದೇ ಬೇಡ ಎಂದುಕೊಳ್ಳುವಷ್ಟರಲ್ಲಿ ಮಾವನ ಫೋನು ಬಂತು. ಎತ್ತುಗಳ ಮೈ ತೊಳೆದು ಇಟ್ಟಿದ್ದೇನೆ, ಧೈರ್ಯವಾಗಿ ಬನ್ನಿ ಎಂದರು.

ಹೊರಟರು. ಶೇವಂತಿ ಪಕ್ಕದಲ್ಲಿ, ಅಪ್ಪಾಸಾಬ ಹಿಂದೆ. ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೋಗುವ ಜೀಪು ದಾರಿಯುದ್ದಕ್ಕೂ ಹಿಡಿದ ಹಂದಿಯಂತೆ ಕಿರುಚಿತು. ಸೈಕಲ್ಲಿನವರು ದಾಟಿ ಹೋದರು. ಮಹಾಲಿಂಗಪುರದಲ್ಲಿ ದನ ಅಡ್ಡ ಬಂದು ನಿಲ್ಲಿಸಿದಾಗ ತುಕಾರಾಮ ಹಳೇ ರೂಢಿಯಂತೆ ಫಸ್ಟ್ ಹಾಕಿದ, ಬಂದ ದಾರಿಯಲ್ಲೇ ಒಂದಿಷ್ಟು ದೂರ ವಾಪಸು ಹೋದರು.

"ರೀ, ನಾವು ಹೊಂಟೇವೋ, ಹೊಳ್ಳಿ ಬರಾಕತ್ತೇವೋ?" ಎಂದು ಶೇವಂತಿ ಕೇಳಿದಳು.

ತುಕಾರಾಮ ಸ್ವಲ್ಪ ಯೋಚಿಸಿದ. ಅವನಿಗೂ ಖಚಿತವಿರಲಿಲ್ಲ.

ಬೆಳಗಲಿಯ ಹೊಲದಲ್ಲಿ ಜನವೋ ಜನ. ಒಂದಾದ ಮೇಲೊಂದು ಜೀಪು ಟ್ರೇಲರ್ ಕಟ್ಟಿಕೊಂಡು ಕೆಸರಿಗೆ ಇಳಿದವು, ಅರ್ಧದಲ್ಲೇ ಹೂತು ನಿಂತವು. ತುಕಾರಾಮನ ಹೆಸರು ಕೂಗಿದರು. ರಿವರ್ಸಿನಲ್ಲಿ ಭಾರ ಎಳೆಯುವಂತಿಲ್ಲ, ಉಳಿದ ಗೇರುಗಳು ಮುಂದಕ್ಕೆ ಹೋಗುವಂತಿಲ್ಲ. ಸೀಟಿ ಊದುವವನು ಊದಲು ಗಲ್ಲ ಉಬ್ಬಿಸಿ ನಿಂತಿದ್ದ. ಗಾಬರಿಯಲ್ಲಿ ತುಕಾರಾಮನಿಗೆ ಹೊಳೆದದ್ದು ಒಂದೇ. ಜೀಪನ್ನು ತಿರುಗಿಸಿ, ಮೂತಿಯ ಕೆಳಗಿನ ಕೊಂಡಿಗೇ ಟ್ರೇಲರ್ ಕಟ್ಟಿಸಿದ. ಜನ ಕೇಕೆ ಹಾಕಿದರು. ಗೂಳಪ್ಪನವರು ಮೈಕಿನಲ್ಲೇ, "ಅಳಿಯಂದ್ರ, ಬಾವುಟ ಈ ಕಡಿ ಐತ್ರಿ," ಎಂದರು.

ತುಕಾರಾಮ ಕತ್ತು ಹಿಂದಕ್ಕೆ ತಿರುಗಿಸಿ, ಫಸ್ಟ್ ಹಾಕಿ, ಕ್ಲಚ್ ಬಿಟ್ಟ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಶಾಫ್ಟು, ಹೌಸಿಂಗು, ಐದೂ ಆವತ್ತು ಮೊದಲ ಬಾರಿಗೆ ಒಂದೇ ಮಾತಿಗೆ ಬಂದವು. ಜೀಪು ಬೆನ್ನು ಮುಂದೆ ಮಾಡಿಕೊಂಡು, ಟ್ರೇಲರನ್ನು ಮೂತಿಯಿಂದ ಎಳೆದುಕೊಂಡು, ಕೆಸರು ಸೀಳುತ್ತ ಹೋಯಿತು. ದಿಬ್ಬ ಹತ್ತಿತು. ಬಾವುಟಕ್ಕೆ ಬೆನ್ನು ತಾಗಿಸಿ ನಿಂತಿತು. ಹೊಲದ ತುಂಬ ಸೀಟಿ, ಕೂಗು, ಎಸೆದ ರುಮಾಲು. ಗೂಳಪ್ಪನವರು ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಓಡಿ ಬಂದು ಮಾಲೆ ಹಾಕಿದರು. "ಇಂವ ನನ್ನ ಅಳಿಯ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ತುಕಾರಾಮನ ಕಣ್ಣಲ್ಲಿ ನೀರು ಬಂತು. ಅಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಊಟವಾದ ಮೇಲೆ ಮಾವ ಅವನ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಮರೆಗೆ ಕರೆದೊಯ್ದರು. ಅವರು ಹೊಸ ಜೀಪು ತಗೊಂಡಿದ್ದರು. ಮುಂದೆ ಅನಗವಾಡಿಯಲ್ಲಿಯೂ ಇಂಥದೇ ಸ್ಪರ್ಧೆ ಇದೆ, ಹಿಮ್ಮುಖವಾಗಿ ಹೋದರೆ ಕೆಸರು ಹಿಡಿಯುವುದಿಲ್ಲವೆಂಬ ಈ ಗುಟ್ಟು ತಮಗೂ ಹೇಳಬೇಕು ಎಂದು ದನಿ ತಗ್ಗಿಸಿ ಕೇಳಿದರು. ತುಕಾರಾಮ ಒಳ್ಳೆಯ ಮನುಷ್ಯ. ಮಾವನ ಹೊಸ ಗಾಡಿ ತನ್ನಿಂದ ಕೆಡಬಾರದೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಗುಟ್ಟೇನಿಲ್ಲರಿ ಮಾವಾರ. ಎಳದದ್ದು ದೊಡ್ಡ ಇಂಜಿನ್ನು. ಹೌಸಿಂಗು ಅಪ್ಪಾಸಾಬ ತಪ್ಪಿ ಉಲ್ಟಾ ಹಾಕ್ಯಾನ."

ಗೂಳಪ್ಪನವರು ನಕ್ಕರು. ಅಳಿಯ ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದರು. ಅಪ್ಪಾಸಾಬನನ್ನು ಕರೆದರು. ಅಪ್ಪಾಸಾಬನ ಸುತ್ತ ಆಗಲೇ ನಾಲ್ಕಾರು ಜೀಪಿನ ಮಾಲೀಕರು ತಮ್ಮ ಗಾಡಿಗೂ ಹೀಗೇ ಮಾಡಿಕೊಡೆಂದು ಮುತ್ತಿದ್ದರು. ಅವನು ತುಕಾರಾಮನ ಕಡೆ ನೋಡದೆ ಗಂಭೀರವಾಗಿ, ಇಂಥ ಕೆಲಸ ತಪ್ಪಿನಿಂದ ಆಗುತ್ತದೆಯೇ, ಇದು ಕೈಗುಣ ಎಂದ.

ಗೂಳಪ್ಪನವರ ಕೈ ಅಳಿಯನ ಹೆಗಲಿನಿಂದ ಕೆಳಗಿಳಿಯಿತು. "ನಾವು ನಿಮಗ ಮಗಳನ್ನ ಕೊಟ್ಟೇವಿ. ನಿಮಗ ಒಂದು ಗುಟ್ಟು ಕೊಡಾಕ ಆಗಲಿಲ್ಲ. ಆತು ಬಿಡ್ರಿ," ಎಂದು ತಿರುಗಿ ನಡೆದರು. ಸಂಜೆಯೊಳಗೆ ಬೀಗರಲ್ಲೆಲ್ಲ ಸುದ್ದಿ ಹಬ್ಬಿತು: ಬನಹಟ್ಟಿ ಅಳಿಯ ಗುಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಆಸಾಮಿ, ಸ್ವಂತ ಮಾವನಿಗೇ ಸುಳ್ಳು ಹೇಳಿದ. ಕಳಿಸಿಕೊಡಲು ಬಾಗಿಲಿಗೆ ಯಾರೂ ಬರಲಿಲ್ಲ.

ಜೀಪು ಮತ್ತೆ ರಿವರ್ಸಿನಲ್ಲಿ ಕಿರುಚುತ್ತ ಬನಹಟ್ಟಿಯ ದಾರಿ ಹಿಡಿಯಿತು. ಅಪ್ಪಾಸಾಬ ಹೊಸ ಗಿರಾಕಿಗಳ ನಡುವೆ ಬೆಳಗಲಿಯಲ್ಲೇ ಉಳಿದಿದ್ದ. ಕೊರಳಲ್ಲಿ ಮಾಲೆ ಹಾಕಿಕೊಂಡೇ ಕೂತಿದ್ದ ತುಕಾರಾಮನಿಗೆ ಒಂದೇ ಸಮಾಧಾನ. ಇನ್ಯಾರೂ ನಂಬದಿದ್ದರೂ ಶೇವಂತಿಗೆ ಎಲ್ಲ ಗೊತ್ತು. ಬೆಳಿಗ್ಗೆ ಅಪ್ಪಾಸಾಬ ಜೀಪಿನ ಕೆಳಗಿನಿಂದೆದ್ದು ತಪ್ಪು ಒಪ್ಪಿಕೊಂಡಾಗ ಅವಳು ಪಕ್ಕದಲ್ಲೇ ನಿಂತಿದ್ದಳು.

ಮಹಾಲಿಂಗಪುರ ದಾಟಿದ ಮೇಲೆ ಅವಳು ಅವನ ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಅಪ್ಪಗ ಹೇಳಲಿಲ್ಲ, ಹೋಗ್ಲಿ," ಎಂದಳು. "ನನಗಾದ್ರೂ ಖರೆ ಹೇಳ್ರಿ. ನಾ ಯಾರಿಗೂ ಹೇಳೂದಿಲ್ಲ."