ಹದಿನಾಲ್ಕನೆಯ ಬಿಡಿಭಾಗ

ಒಂದು ಕಿಲೋ ಅಂದರೆ ಒಂದು ಕಿಲೋ ಇರಬೇಕು. ತಕ್ಕಡಿ ತಯಾರಿಸುವ ಕಾರ್ಖಾನೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವತ್ತು ಬೆಳಗ್ಗೆ ಒಂಬತ್ತಕ್ಕೆ ನೆಲಮಾಳಿಗೆಯ ಮೂಲತಕ್ಕಡಿಯ ಮೇಲೆ ಕೂರಿಸಿದ ಒಂದು ಕಿಲೋ ಹಿತ್ತಾಳೆ ಬಟ್ಟು ಮೊದಲು ಒಂದು ಕಿಲೋ ಮೂವತ್ತು ಗ್ರಾಂ ತೂಗಿತು. ಕಣ್ಣು ಮಿಟುಕಿಸುವುದರೊಳಗೆ ಒಂಬೈನೂರ ಎಪ್ಪತ್ತು. ಮತ್ತೆ ಒಂದು ಕಿಲೋ ಇಪ್ಪತ್ತು. ಬಟ್ಟು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ಕೂತಿತ್ತು.

ಮೀಟರಪ್ಪ ಬಟ್ಟನ್ನು ಎತ್ತಿ ಮತ್ತೆ ಇಟ್ಟು ನೋಡಿದ, ಅದೇ ಕುಣಿತ.

ಮೀಟರಪ್ಪ ಅನ್ನುವುದು ಅವನ ನಿಜವಾದ ಹೆಸರಲ್ಲ. ವೋಲ್ಟೇಜ್ ಅಳೆಯುವ ಮೀಟರನ್ನು ಊಟಕ್ಕೆ ಹೋಗುವಾಗಲೂ ಕುತ್ತಿಗೆಗೆ ನೇತುಹಾಕಿಕೊಂಡೇ ಹೋಗುತ್ತಿದ್ದ. ಹಾಗಾಗಿ ಕಾರ್ಖಾನೆಯವರು ಇಟ್ಟ ಹೆಸರು ಅದು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವನೇ ಒಂದು ಗಳಿಗೆ ಹಿಂದೆ ತಿರುಗಿ ನೋಡುತ್ತಿದ್ದ. ಹನ್ನೊಂದು ವರ್ಷದಿಂದ ಕಿಟಕಿಯಿಲ್ಲದ ಈ ನೆಲಮಾಳಿಗೆಯಲ್ಲಿ ಬೇರೆಯವರು ವಿನ್ಯಾಸ ಮಾಡಿದ್ದನ್ನು ರಿಪೇರಿ ಮಾಡುತ್ತ ಬಂದಿದ್ದ. ಅವನಿಗಿದ್ದ ಆಸೆ ಒಂದೇ. ಮೇಲಿನ ಮಹಡಿಯ ಡಿಸೈನ್ ವಿಭಾಗದಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ ಖಾಲಿ ಬಿದ್ದಿತ್ತು. ಆ ಕುರ್ಚಿಯಲ್ಲಿ ಕೂತು ತನ್ನದೇ ಸರ್ಕ್ಯೂಟು ಬರೆಯಬೇಕು.

ಹೋದ ತಿಂಗಳು ಅದಕ್ಕೊಂದು ದಾರಿ ತೆರೆಯಿತು. ಕಾರ್ಖಾನೆಯಿಂದ ಹೊರಹೋಗುವ ಪ್ರತಿಯೊಂದು ತಕ್ಕಡಿಯನ್ನೂ ಹೋಲಿಸಿ ನೋಡುವುದು ಈ ಮೂಲತಕ್ಕಡಿಯ ಜೊತೆಗೇ. ಅದಕ್ಕೆ ಕರೆಂಟು ಕೊಡುತ್ತಿದ್ದ ಹಳೇ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. "ಹೊಸದೊಂದು ಮಾಡಪ್ಪ. ತೂಕ-ಅಳತೆ ಇಲಾಖೆ ಇನ್ಸ್‌ಪೆಕ್ಟರ್ ಬಂದು ಪಾಸ್ ಮಾಡಿದ್ರೆ ಮಾರನೇ ದಿನವೇ ಮೇಲಿನ ಕುರ್ಚಿ ನಿಂದು" ಎಂದಿದ್ದರು ಯಜಮಾನರು. ಮೀಟರಪ್ಪ ಹದಿಮೂರೇ ಹದಿಮೂರು ಬಿಡಿಭಾಗಗಳಲ್ಲಿ ಅಂಗೈಗಿಂತ ಚಿಕ್ಕದೊಂದು ಸ್ವಿಚಿಂಗ್ ರೆಗ್ಯುಲೇಟರ್ ಮಾಡಿಟ್ಟಿದ್ದ. ಹನ್ನೆರಡು ವೋಲ್ಟ್ ಒಳಗೆ ಹೋದರೆ ಐದು ವೋಲ್ಟ್ ಹೊರಗೆ ಬರಬೇಕು. ನಿನ್ನೆ ಮೇಜಿನ ಮೇಲೆ ಬಂದಿತ್ತು ಕೂಡ. ಇವತ್ತು ತಕ್ಕಡಿಗೆ ಜೋಡಿಸಿದ್ದೇ ತಡ, ಕುಣಿಯತೊಡಗಿತ್ತು. ಇನ್ಸ್‌ಪೆಕ್ಟರ್ ಬರುವುದು ಹನ್ನೆರಡಕ್ಕೆ.

ಅವನು ಮೀಟರಿನ ಮುಳ್ಳು ನೋಡಿದ. ನಾಲ್ಕೂವರೆ ವೋಲ್ಟಿನಿಂದ ಐದೂವರೆಗೆ, ಅಲ್ಲಿಂದ ವಾಪಸ್ಸು. ಸ್ನಾನದ ನೀರು ಬಿಸಿಯಾಯಿತೆಂದು ತಣ್ಣೀರಿನ ನಲ್ಲಿ ತಿರುಗಿಸಿ, ತಣ್ಣಗಾಯಿತೆಂದು ಬಿಸಿನೀರಿನ ನಲ್ಲಿ ತಿರುಗಿಸಿ, ಕೊನೆಗೂ ಸ್ನಾನ ಮುಗಿಸದವನ ಹಾಗಾಗಿತ್ತು ಅದರ ಪಾಡು. ಯಾಕೆ ಹೀಗೆ? ಅವನು ಕಣ್ಣು ಮುಚ್ಚಿ ಯೋಚಿಸತೊಡಗಿದ.

"ಏನ್ರೀ, ನಿದ್ದೆನಾ?"

ಸ್ಟೋರ್ ಕೀಪರ್ ಮೆಟ್ಟಿಲಿಳಿದು ಬಂದಿದ್ದರು. ಉಗ್ರಾಣದ ಬೀಗದ ಕೈ ತಮ್ಮ ಸೊಂಟದಲ್ಲಿರುವುದರಿಂದ ಉಗ್ರಾಣದಲ್ಲಿರುವ ಸಾಮಾನಿನ ಬಗ್ಗೆಯೆಲ್ಲ ತಮಗೆ ಗೊತ್ತೆಂದು ಅವರು ನಂಬಿದ್ದರು. ಕುಣಿಯುವ ಅಂಕಿ ನೋಡಿ ಲೊಚಗುಟ್ಟಿದರು.

"ಕೆಪಾಸಿಟರ್ ಚಿಕ್ಕದಾಯ್ತು ಕಣ್ರೀ. ದೊಡ್ಡದು ಹಾಕಿ. ನನ್ನ ಹತ್ರ ಒಂದಿದೆ, ಹತ್ತು ವರ್ಷದಿಂದ ಯಾರೂ ಕೇಳಿಲ್ಲ."

"ಬೇಡ ಸಾರ್, ಅದು..."

ಅವರು ಆಗಲೇ ಹೋಗಿ ನೀರು ಕುಡಿಯುವ ಲೋಟದಷ್ಟು ದಪ್ಪದ ಕೆಪಾಸಿಟರ್ ಹಿಡಿದುಕೊಂಡು ಬಂದಿದ್ದರು. ಹಿರಿಯರ ಮಾತು ಹೇಗೆ ತೆಗೆದುಹಾಕುವುದೆಂದು ಮೀಟರಪ್ಪ ಅದನ್ನೇ ಬೆಸೆದ. ಒಂದು ಕಿಲೋ ಈಗ ಒಂದೂಕಾಲು ಕಿಲೋ ಆಯಿತು.

"ನೋಡಿದ್ರಾ, ಚೇತರಿಸಿಕೊಂಡಿತು!" ಎಂದರು ಸ್ಟೋರ್ ಕೀಪರ್.

ಗದ್ದಲ ಕೇಳಿ ಪ್ಯಾಕಿಂಗ್ ವಿಭಾಗದ ಅಕ್ಕ ಬಂದರು. ಅವರು ತುಂಬ ಒಳ್ಳೆಯವರು, ಆದರೆ ಎಲ್ಲಿ ಏನು ಕೆಟ್ಟರೂ ಅವರ ಕೈ ಮೊದಲು ಹೋಗುವುದು ಫ್ಯಾನಿನ ಸ್ವಿಚ್ಚಿಗೆ. "ಗಾಳಿಗೆ ಅಲ್ಲಾಡ್ತಿದೆ ಕಣಪ್ಪಾ" ಎಂದು ಆರಿಸಿಯೇಬಿಟ್ಟರು. ಅಂಕಿ ಕುಣಿಯುತ್ತಲೇ ಇತ್ತು, ಮೂವರಿಗೂ ಬೆವರು ಇಳಿಯತೊಡಗಿತು. ಮೀಟರಪ್ಪ ಲೋಟದ ಕೆಪಾಸಿಟರ್ ಕಿತ್ತ. ಅಷ್ಟರಲ್ಲಿ ಅಕ್ಕ, "ಈ ವೈರುಗಳೇನು, ಜಡೆ ಬಿಚ್ಚಿದ ಹಾಗೆ!" ಎಂದು ಎಲ್ಲವನ್ನೂ ಒಟ್ಟುಗೂಡಿಸಿ ಪ್ಯಾಕಿಂಗ್ ಟೇಪು ಸುತ್ತಿದರು. ಅಂಕಿಗಳು ಓದಲಿಕ್ಕೂ ಸಿಗದಂತೆ ಓಡಿದವು.

"ಅಕ್ಕಾ, ನಿಮ್ಮ ದಮ್ಮಯ್ಯ, ಐದು ನಿಮಿಷ ಒಬ್ಬನನ್ನೇ ಬಿಡಿ!"

"ನಾವೇನು ಅಡ್ಡ ಬಂದ್ವಾ? ಸಹಾಯ ಮಾಡೋಕೆ ಬಂದಿದ್ದು" ಎಂದರು ಅಕ್ಕ, ಸ್ವಲ್ಪ ನೊಂದುಕೊಂಡೇ. ಮೀಟರಪ್ಪನಿಗೆ ಪಾಪ ಅನ್ನಿಸಿತು, ಜೊತೆಗೆ ಅಳುವೂ ಬಂತು. ಅವನು ಟೇಪು ಬಿಚ್ಚಿಹಾಕಿದ.

ಆಗ ಯಜಮಾನರೇ ಇಳಿದು ಬಂದರು. "ಎಲ್ಲಾ ರೆಡಿ ತಾನೆ, ನಮ್ಮ ಡಿಸೈನರ್ ಸಾಹೇಬ್ರು?" ಎಂದು ಬೆನ್ನಿಗೆ ಬಲವಾಗಿ ಒಂದು ತಟ್ಟಿದರು. ಮೀಟರಪ್ಪ ಮುಂದಕ್ಕೆ ಮುಗ್ಗರಿಸಿದ. ಬಲಗೈ ತೋರುಬೆರಳು ನೇರ ಬೋರ್ಡಿನ ಮೂಲೆಯಲ್ಲಿದ್ದ ಪುಟ್ಟ ರೆಸಿಸ್ಟರ್ ಮೇಲೆ ಊರಿಕೊಂಡಿತು.

ಒಂದು ಕಿಲೋ. ಸೊನ್ನೆ ಗ್ರಾಂ. ಕದಲಲಿಲ್ಲ.

ನಾಲ್ವರೂ ಬಗ್ಗಿ ನೋಡಿದರು. ಮೀಟರಪ್ಪ ಬೆರಳೆತ್ತಿದ, ಅಂಕಿ ಕುಣಿಯಿತು. ಇಟ್ಟ, ನಿಂತಿತು. ಅಕ್ಕನ ಬೆರಳಿಡಿಸಿದರು, ಅರೆಬರೆ ನಿಂತಿತು. ಸ್ಟೋರ್ ಕೀಪರ್ ಬೆರಳಿಗೆ ಅದು ಕ್ಯಾರೇ ಅನ್ನಲಿಲ್ಲ.

"ನಿನ್ನ ಕೈಗುಣ ಕಣಯ್ಯಾ!" ಎಂದರು ಯಜಮಾನರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಗಂಟೆ ಇನ್ನೂ ಹನ್ನೊಂದೂವರೆ. "ಬಂದೇಬಿಟ್ರು! ಬೆರಳು ತೆಗೀಬೇಡ!"

"ಮೋಸ ಆಗಲ್ವಾ ಸಾರ್?"

"ಮೋಸ ಯಾಕಾಗುತ್ತೆ? ಹೆತ್ತೋರು ಮಗು ಕೈ ಹಿಡ್ಕೊಂಡು ನಡೆಸಲ್ವಾ?"

ಇನ್ಸ್‌ಪೆಕ್ಟರ್ ಸಣಕಲು ಮನುಷ್ಯ. ನಗುವುದಕ್ಕೂ ಮೇಲಿನವರ ಅನುಮತಿ ಬೇಕೇನೋ ಅನ್ನುವಂಥ ಮುಖ. ಬಂದವರೇ ಕುರ್ಚಿ ಎಳೆದುಕೊಂಡು ಕೂತು, ಪುಸ್ತಕ ಬಿಚ್ಚಿ, "ಒಂದು ಗಂಟೆ ಪರೀಕ್ಷೆ. ಕಂಡದ್ದನ್ನು ಕಂಡ ಹಾಗೆ ಬರೀತೀನಿ" ಎಂದರು.

ಒಂದು ಗಂಟೆ ಬೆರಳು ಕದಲಿಸದೆ ನಿಂತು ನೋಡಿ, ಆಗ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೆ ಮೂಗು ತುರಿಸಿತು; ಅಕ್ಕ ಯಾರಿಗೂ ಕಾಣದಂತೆ ಪೆನ್ನಿನ ಹಿಂಬದಿಯಿಂದ ಕೆರೆದರು. ಇಪ್ಪತ್ತು ನಿಮಿಷಕ್ಕೆ ಮೊಣಕೈ ಜೋಮು ಹಿಡಿಯಿತು. ಆದರೆ ಬೆಳಗ್ಗಿನಿಂದ ಮೊದಲ ಸಲ ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ಅವನ ತಲೆ ಕೆಲಸ ಮಾಡತೊಡಗಿತು.

ಬೋರ್ಡಿನ ಮೇಲಿನ ಚಿಪ್, ಹೊರಗೆ ಎಷ್ಟು ವೋಲ್ಟೇಜ್ ಬರುತ್ತಿದೆಯೆಂದು ತಾನೇ ನೋಡಿಕೊಂಡು ಹೆಚ್ಚುಕಡಿಮೆ ಮಾಡಬೇಕು. ಆ ಸುದ್ದಿ ಅದಕ್ಕೆ ಮುಟ್ಟುವುದು ಈ ಪುಟ್ಟ ರೆಸಿಸ್ಟರ್ ಮೂಲಕ. ಸುದ್ದಿ ತಡವಾಗಿ ಮುಟ್ಟುತ್ತಿತ್ತು. ಕಡಿಮೆಯಾಗಿದೆ ಅನ್ನುವುದು ತಿಳಿಯುವ ಹೊತ್ತಿಗೆ ಆಗಲೇ ಹೆಚ್ಚಾಗಿರುತ್ತಿತ್ತು, ಆದರೂ ಅದು ಪಾಪ ಇನ್ನಷ್ಟು ಹೆಚ್ಚಿಸುತ್ತಿತ್ತು. ಬೆರಳು ಮಾಡಿದ್ದಿಷ್ಟೇ: ಪುಟಾಣಿ ಕೆಪಾಸಿಟರಿನಂತೆ ಅಡ್ಡ ಕೂತು ಸುದ್ದಿಗೊಂದು ಒಳದಾರಿ ಕೊಟ್ಟಿತ್ತು. ಬೆರಳಿನ ಜಾಗಕ್ಕೆ ಅಕ್ಕಿಕಾಳಿನಷ್ಟು ಚಿಕ್ಕ ಕೆಪಾಸಿಟರ್ ಒಂದು ಹಾಕಿದರೆ ಮುಗಿಯಿತು! ಮೀಟರಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಬೆರಳು ನಡುಗಿ ಅಂಕಿ ಒಂದು ಗ್ರಾಂ ಅಲುಗಿತು. ಹನ್ನೊಂದು ವರ್ಷದಲ್ಲಿ ಬೇರೆಯವರ ತಪ್ಪುಗಳನ್ನು ನೂರಾರು ಹುಡುಕಿದ್ದ. ತನ್ನದೇ ತಪ್ಪನ್ನು ತಾನೇ ಹುಡುಕಿದಾಗ ಇಷ್ಟು ಸಂತೋಷವಾಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ನೀವ್ಯಾಕೆ ಕೈ ಅಲ್ಲೇ ಇಟ್ಟಿದ್ದೀರಿ?" ಇನ್ಸ್‌ಪೆಕ್ಟರ್ ತಟ್ಟನೆ ಕೇಳಿದರು.

ಯಜಮಾನರ ಮುಖ ಬಿಳಿಚಿಕೊಂಡಿತು. ಸ್ಟೋರ್ ಕೀಪರ್ ಸೂರು ನೋಡತೊಡಗಿದರು. ಸುಳ್ಳು ಹೇಳಿದರೆ ಕುರ್ಚಿ ಉಳಿದೀತು. ಆದರೆ ಆ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುವಾಗಲೆಲ್ಲ ಇದೇ ನೆನಪಾಗುತ್ತದಲ್ಲ ಅನ್ನಿಸಿತು ಮೀಟರಪ್ಪನಿಗೆ.

"ಬೆರಳು ತೆಗೆದ್ರೆ ತೂಕ ನಿಲ್ಲಲ್ಲ ಸಾರ್."

ಇನ್ಸ್‌ಪೆಕ್ಟರ್ ಅವನನ್ನೇ ದಿಟ್ಟಿಸಿದರು. ಆಮೇಲೆ ಪುಸ್ತಕದಲ್ಲಿ ಏನೋ ಬರೆದರು. ಎದ್ದು ಬೋರ್ಡಿನದೂ ಅವನ ಕೈಯದೂ ಫೋಟೋ ತೆಗೆದರು. ಒಂದು ಗಂಟೆ ತುಂಬಿದಾಗ ಠಪ್ಪೆಂದು ಮೊಹರು ಒತ್ತಿದರು.

"ಪಾಸ್. ತೂಕ ನಿಂತಿದೆಯಾ ಅಂತ ನೋಡೋದಷ್ಟೇ ನನ್ನ ಕೆಲಸ. ನಿಮ್ಮಷ್ಟು ನೇರವಾಗಿ ಉತ್ತರ ಕೊಟ್ಟವರನ್ನ ಮಾತ್ರ ನಾನು ಇದುವರೆಗೆ ನೋಡಿಲ್ಲ."

ಯಜಮಾನರು ಅವರನ್ನು ಚಹಾಕ್ಕೆ ಮೇಲೆ ಕರೆದುಕೊಂಡು ಹೋದರು. ಹೋಗುತ್ತ ಹಿಂದೆ ತಿರುಗಿ, "ನಾಳೆಯಿಂದ ಮೇಲೆ ಬಾರಯ್ಯಾ!" ಎಂದರು. ಮೀಟರಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾವು ಹತ್ತಿದ ಬೆಸುಗೆ ಕಡ್ಡಿ ಹಿಡಿದು, ಅಕ್ಕಿಕಾಳಿನಷ್ಟು ಚಿಕ್ಕ ಕೆಪಾಸಿಟರನ್ನು ರೆಸಿಸ್ಟರಿಗೆ ಅಡ್ಡಲಾಗಿ ಕೂರಿಸಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಒಂದು ಕಿಲೋ. ಐದು ನಿಮಿಷವಾದರೂ ಒಂದು ಕಿಲೋ. ಅಕ್ಕ ಚಪ್ಪಾಳೆ ತಟ್ಟಿ, ಹೆಮ್ಮೆಯಿಂದ ಫ್ಯಾನು ಹಾಕಿದರು.

ಬೋರ್ಡನ್ನು ಡಬ್ಬಿಯಲ್ಲಿಟ್ಟು ಸೀಲು ಹಾಕಲು ಇನ್ಸ್‌ಪೆಕ್ಟರ್ ಯಜಮಾನರೊಂದಿಗೆ ಮತ್ತೆ ಇಳಿದು ಬಂದರು. ಬೋರ್ಡು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಿದು?"

"ಸರಿ ಮಾಡಿದೆ ಸಾರ್! ಇನ್ನು ಬೆರಳು ಬೇಕಾಗಿಲ್ಲ!"

"ಅಯ್ಯಯ್ಯೋ, ಎಂಥ ಕೆಲಸ ಮಾಡಿದ್ರಿ! ಮಂಜೂರಾದ ಮೇಲೆ ಬದಲಾಯಿಸೋ ಹಾಗಿಲ್ಲ." ಅವರು ಪ್ರಮಾಣಪತ್ರ ಬಿಡಿಸಿ ತೋರಿಸಿದರು. ಬಿಡಿಭಾಗಗಳ ಪಟ್ಟಿ ಇತ್ತು. ಹದಿಮೂರರ ಕೆಳಗೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಹದಿನಾಲ್ಕು: ತಂತ್ರಜ್ಞರ ತೋರುಬೆರಳು, ಬಲಗೈ, ಒಂದು.' ಪಕ್ಕದಲ್ಲಿ ಫೋಟೋ. "ಇದನ್ನ ತೆಗೀಬೇಕಂದ್ರೆ ಹೊಸ ಅರ್ಜಿ ಹಾಕಿ. ಎರಡು ವರ್ಷ ಆಗುತ್ತೆ. ಅಲ್ಲಿವರೆಗೆ ಒಂದು ತಕ್ಕಡಿನೂ ಹೊರಗೆ ಹೋಗೋ ಹಾಗಿಲ್ಲ."

"ಆದ್ರೆ ಈಗ ಇನ್ನೂ ಚೆನ್ನಾಗಿ ನಿಂತಿದೆಯಲ್ಲ ಸಾರ್!"

"ನಿಂತಿದೆ, ನನಗೂ ಕಾಣ್ತಿದೆ. ಆದ್ರೆ ನಾನು ಪಾಸ್ ಮಾಡಿದ್ದು ಇದನ್ನಲ್ಲವಲ್ಲ" ಎಂದರು ಇನ್ಸ್‌ಪೆಕ್ಟರ್, ನಿಜವಾಗಿಯೂ ಮರುಕದಿಂದ.

ಯಜಮಾನರು ಎರಡು ಕ್ಷಣ ಯೋಚಿಸಿದರು. ಆಮೇಲೆ ಮೀಟರಪ್ಪನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು: "ಅದನ್ನ ಕಿತ್ತುಬಿಡಪ್ಪ. ಎರಡೇ ವರ್ಷ ತಾನೆ. ಮೇಲೆ ಕೂತು ಚಿತ್ರ ಬರೆಯೋಕೆ ಎರಡೂ ಕೈ ಖಾಲಿ ಇರಬೇಕಲ್ಲ, ಸದ್ಯಕ್ಕೆ ಆ ಕುರ್ಚಿಗೆ ಸ್ಟೋರ್ ಕೀಪರ್ ಇರಲಿ."

ಮೀಟರಪ್ಪ ತನ್ನ ಕೈಯಾರೆ ಆ ಕೆಪಾಸಿಟರ್ ಕಿತ್ತ. ಒಂದು ಕಿಲೋ ಮೂವತ್ತು ಗ್ರಾಂ. ಒಂಬೈನೂರ ಎಪ್ಪತ್ತು. ಅವನು ಬೆರಳಿಟ್ಟ. ಇನ್ಸ್‌ಪೆಕ್ಟರ್ ಬೆರಳು ತೂರುವಷ್ಟು ತೂತು ಬಿಟ್ಟು ಡಬ್ಬಿಗೆ ಸೀಲು ಹಾಕಿ, ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದರು. ನಾಲ್ಕು ಮೆಟ್ಟಿಲು ಹತ್ತಿದವರು ಏನೋ ನೆನಪಾಗಿ ನಿಂತರು.

"ಅಂದಹಾಗೆ, ಆ ಬೆರಳಿನ ಉಗುರು ಕತ್ತರಿಸೋದಿದ್ರೆ ಮೊದಲು ಇಲಾಖೆಗೊಂದು ಪತ್ರ ಬರೆದು ಕೇಳಿ."