ಡ್ರೈವರ್ ಹಿಂದಿನ ಸೀಟಿನ ನಿದ್ದೆ

ನಮ್ಮ ದೊಡ್ಡಮ್ಮನಿಗೆ ನಿದ್ದೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ! ಅದಕ್ಕೆ ಆರು ಚಕ್ರ, ಒಬ್ಬ ಡ್ರೈವರು, ಒಬ್ಬ ಕಂಡಕ್ಟರು ಬೇಕು, ಅಷ್ಟೇ. ಇದು ಪತ್ತೆಯಾಗುವ ಮೊದಲು ಹೊನ್ನಾಳಿಯ ಆ ಮನೆ ಪಟ್ಟ ಪಾಡು ಮಾತ್ರ ಯಾರಿಗೂ ಬೇಡ.

ದೊಡ್ಡಪ್ಪ ತೀರಿಕೊಂಡ ಮೇಲೆ ಶುರುವಾಯಿತು ಇದು. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟಕ್ಕೆ ಕೊರತೆಯಿಲ್ಲ, ಮಾತಿಗಂತೂ ಮೊದಲಿನಿಂದಲೂ ಇಲ್ಲ! ನಿದ್ದೆಯೊಂದೇ ಮುನಿಸಿಕೊಂಡಿತ್ತು. ಬಿಪಿ ಏರಿತು. ಒಮ್ಮೆ ಪೂಜೆಗೆ ಹೂ ಬಿಡಿಸುತ್ತಿದ್ದವರು ಕಣ್ಣು ಕತ್ತಲೆ ಬಂದು ಗಿಡದ ಬುಡದಲ್ಲೇ ಕುಸಿದರು. ಡಾಕ್ಟರು, "ನಿದ್ದೆ ಮಾಡ್ಲಿಲ್ಲ ಅಂದ್ರೆ ಮುಂದೆ ಕಷ್ಟ ಐತೆ ಅಮ್ಮಾ" ಎಂದು ಹೆದರಿಸಿ ಮಾತ್ರೆ ಬರೆದುಕೊಟ್ಟರು. ಮರುದಿನ ಚನ್ನಗಿರಿಯಿಂದ ನಾನು ಫೋನ್ ಮಾಡಿದೆ.

"ಮಾತ್ರೆ ಕೆಲಸ ಮಾಡ್ತಾ ದೊಡ್ಡಮ್ಮ?"

"ಯಾರಿಗೆ ಗೊತ್ತಮ್ಮ! ಯಾವಾಗ ಕೆಲ್ಸ ಮಾಡ್ತತೋ ನೋಡಾನ ಅಂತ ಬೆಳತನಕ ಕಾಯ್ಕಂಡು ಕುಂತಿದ್ದೆ!"

ಆಮೇಲೆ ಸೊಸೆಯ ಸರದಿ. ಗಸಗಸೆ ಪಾಯಸ ಮಾಡಿದಳು. ಇಷ್ಟು ಚೆನ್ನಾಗಿರುವ ಔಷಧವನ್ನು ರೋಗಿಯೊಬ್ಬರೇ ಕುಡಿಯುವುದುಂಟೇ? ಮನೆಮಂದಿಯೆಲ್ಲ ಎರಡೆರಡು ಲೋಟ ಇಳಿಸಿದರು. ಬೆಳಿಗ್ಗೆ ಮಗನಿಗೆ ಆಫೀಸು ತಪ್ಪಿತು, ಮೊಮ್ಮಗಳಿಗೆ ಸ್ಕೂಲ್ ವ್ಯಾನು ತಪ್ಪಿತು. ಹಾಲಿನವನಿಗೆ ಬಾಗಿಲು ತೆಗೆದವರು ದೊಡ್ಡಮ್ಮ! "ನಮ್ಮನ್ನು ಎಬ್ಬಿಸಬಾರದಿತ್ತಾ ಅತ್ತೆ?" ಎಂದು ಸೊಸೆ ಕೇಳಿದರೆ, "ನಿದ್ದೆ ಬಂದೋರು ಪುಣ್ಯವಂತ್ರು. ಎಬ್ಸಿ ಪಾಪ ಯಾಕೆ ಕಟ್ಕಳ್ಲಿ?" ಎಂದರು.

ನ್ಯಾಮತಿ ಕಡೆಯ ನಾಟಿ ವೈದ್ಯರೊಬ್ಬರು ನೆತ್ತಿಗೆ ಹಚ್ಚಲು ಎಣ್ಣೆ ಕೊಟ್ಟರು. ಅದಕ್ಕೆ ಏನೇನು ಬೇರು ಹಾಕಿ ಕಾಯಿಸಿದ್ದರೋ ಶಿವನೇ ಬಲ್ಲ! ದೊಡ್ಡಮ್ಮ ಹಿತ್ತಲಲ್ಲಿದ್ದರೆ ವಾಸನೆ ಬೀದಿಯಲ್ಲಿ. ಎರಡು ದಿನವಾಗುವಷ್ಟರಲ್ಲಿ ಮನೆಯ ಬೆಕ್ಕು ಪಕ್ಕದವರ ಮನೆಗೆ ಬಿಡಾರ ಬದಲಾಯಿಸಿತು. "ನಿದ್ದೆನೂ ಬರ್ಲಿಲ್ಲ, ಇದ್ದ ಬೆಕ್ಕೂ ಹೋತು" ಎಂದು ದೊಡ್ಡಮ್ಮ ತಲೆ ತೊಳೆದುಕೊಂಡರು.

ಹೀಗಿರುವಾಗ ನಮ್ಮ ಮನೆಯ ನಾಮಕರಣಕ್ಕೆ ಅವರನ್ನು ಕರೆದುಕೊಂಡು ಬರಲು ಹೋದೆ. ಬಸ್ಸು ತುಂಗಭದ್ರೆಯ ಸೇತುವೆ ದಾಟಿರಲಿಲ್ಲ, ನನ್ನ ಹೆಗಲ ಮೇಲೆ ಏನೋ ಭಾರ ಬಿತ್ತು. ನೋಡಿದರೆ ದೊಡ್ಡಮ್ಮನ ತಲೆ! ಬಾಯಿ ಬಿಟ್ಟುಕೊಂಡು ಎಂಥ ನಿದ್ದೆ ಅಂತೀರಿ! ಬಸವಾಪಟ್ಟಣದಲ್ಲಿ ಹತ್ತಿದ ಕಾಲೇಜು ಹುಡುಗರ ಗಲಾಟೆಗೂ ಮಿಸುಕಲಿಲ್ಲ.

ಅಲ್ಲಿಂದ ಮುಂದೆ ಕೇಳಬೇಕೇ? ಹೆಂಗಸರಿಗೆ ಹೇಗೂ ಬಸ್ಸು ಫ್ರೀ. ಆಧಾರ್ ಕಾರ್ಡು, ಒಂದು ಶಾಲು ಹಿಡಿದು ದಿನಾ ಮಧ್ಯಾಹ್ನ ಹೊರಟುಬಿಡುತ್ತಿದ್ದರು.

"ಎಲ್ಲಿಗಮ್ಮಾ?" ಎನ್ನುತ್ತಿದ್ದ ಕಂಡಕ್ಟರು.

"ದೂರದ್ದು ಯಾವ್ದಾದ್ರೂ ಕೊಡಪ್ಪ."

"ಅಲ್ಲೇನು ಕೆಲ್ಸ ಐತೆ?"

"ಅಲ್ಲೇನೂ ಇಲ್ಲ. ಕೆಲ್ಸ ಎಲ್ಲಾ ಇಲ್ಲೇ, ಸೀಟ್‌ನಾಗೆ!"

ಬಿಪಿ ಇಳಿಯಿತು. ಮುಖಕ್ಕೆ ಕಳೆ ಬಂತು. ಆದರೆ ಒಂದು ದಿನ ಇಳಿಯುವುದನ್ನೇ ಮರೆತು ಮಲಗಿದವರು, ಕಂಡಕ್ಟರ ಕಣ್ಣಿಗೂ ಬೀಳದೆ, ಬಸ್ಸಿನ ಜೊತೆ ಡಿಪೋ ಸೇರಿದರು. ಮಗ ಊರೆಲ್ಲ ಹುಡುಕಿ, ಅತ್ತು, ಕರೆತಂದು, "ಇನ್ನು ಒಬ್ಬರೇ ಬಸ್ ಹತ್ತಂಗಿಲ್ಲ" ಎಂದು ಆಧಾರ್ ಕಾರ್ಡನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ. ನಿದ್ದೆ ಮತ್ತೆ ಹೋಯಿತು. ಬಿಪಿ ಮತ್ತೆ ಬಂತು. ಮಧ್ಯಾಹ್ನವಾದರೆ ಗೇಟಿಗೆ ಒರಗಿ ನಿಂತು, ಹೋಗುವ ಬಸ್ಸುಗಳನ್ನು ತಿರುವು ದಾಟುವ ತನಕ ನೋಡುತ್ತಿದ್ದರಂತೆ. ಸೊಸೆ ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಹೋಗಿ ನಮ್ಮ ಮನೆಗೆ ಕರೆತಂದೆ.

ಊಟವಾದ ಮೇಲೆ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. "ಅಲ್ಲ ದೊಡ್ಡಮ್ಮ, ಆ ಕುಲುಕಾಟದಲ್ಲಿ ಅದೆಂಥ ನಿದ್ದೆ ನಿಮಗೆ?" ಎಂದು ರೇಗಿಸಿದೆ.

ಅವರು ನಗಲಿಲ್ಲ. "ನಿಮ್ಮ ದೊಡ್ಡಪ್ಪ ಜಗಳೂರು ಬಸ್ ಓಡಿಸ್ತಿದ್ರಲ್ಲ. ತವರಿಗೆ ಹೋಗಾಕೆ ನಂದು ಯಾವಾಗ್ಲೂ ಅವ್ರ ಹಿಂದಿನ ಸೀಟು. ಹತ್ತಿದ್ದಷ್ಟೇ ನೆಪ್ಪು. 'ಏಳೇ, ನಿಮ್ಮೂರು ಬಂತು' ಅಂತ ಅವ್ರೇ ಎಬ್ಬಿಸೋರು. ಎಲ್ಲಿ ತಿರುವು, ಎಲ್ಲಿ ಗುಂಡಿ, ಒಂದಿನಾನೂ ನೋಡಿಲ್ಲ ಕಣೆ ನಾನು. ಈಗ ಮನ್ಯಾಗೆ ಕಣ್ಣು ಮುಚ್ಚಿದ್ರೆ ಬಸ್ ಹೋಗ್ತಾನೇ ಐತೆ, ಮುಂದೆ ಯಾರೂ ಕುಂತಿಲ್ಲ ಅನ್ನಿಸ್ತತೆ. ಹೆಂಗೆ ಮಲಗ್ಲಿ ಹೇಳು?"

ಎದ್ದು ಹೋಗಿ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು, ಮಂಚದ ಮುಂದೆ ಅವರಿಗೆ ಬೆನ್ನು ಮಾಡಿ ಕೂತೆ. ತಟ್ಟೆಯೊಂದನ್ನು ಸ್ಟೇರಿಂಗ್ ಥರ ಹಿಡಿದುಕೊಂಡೆ.

"ಏನೇ ಇದು, ಹುಚ್ಚಿ!" ಎಂದು ಹಿಂದಿನಿಂದ ನಕ್ಕರು. "ಲೈಸೆನ್ಸ್ ಐತಾ?"

"ಇದೆ. ನೀವು ಮಲಗಿ."

"ಎಲ್ಲಿ, ಹಾರ್ನ್ ಹೊಡಿ ನೋಡಾನ."

ಹೊಡೆದೆ. ಅಡುಗೆ ಮನೆಯಿಂದ ನನ್ನ ಗಂಡ ಇಣುಕಿ, ಏನೂ ಕೇಳದೆ ಒಳಗೆ ಹೋದರು. ನಗು ನಿಧಾನವಾಗಿ ನಿಂತಿತು. ಉಸಿರು ಒಂದೇ ಸಮನೆ ಕೇಳತೊಡಗಿತು. ಏಳೋಣವೆಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ, ನಿದ್ದೆಗಣ್ಣಿನ, ನಾನು ಯಾವತ್ತೂ ಕೇಳಿರದಷ್ಟು ಎಳೆಯ ದನಿಯೊಂದು ಬಂತು.

"ಜಗಳೂರು ಬಂತೇನ್ರೀ?"

ನಾನು ತಿರುಗಿ ನೋಡಲಿಲ್ಲ. ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಇನ್ನೂ ದೂರ ಐತೆ. ಮಲಕ್ಕ."